ಟಿಂಬಳ ಎಲ್ಲಿಗೆ ಹೋಯಿತು? ಮುಂಬಯಿಯ ಕನ್ನಡ ತರಗತಿಯಲ್ಲಿ ಓದು, ಅರ್ಥ ಮತ್ತು ಆಯ್ಕೆ

ಈ ಸಾಲನ್ನು ಒಮ್ಮೆ ಓದಿ. "ಪಿಮ್ಮನೆಯ ಟಿಂಬಳವು ಜಗ್ಗುಳಿಗೆ ಹೋಗಿ ಮೂರು ಸೊಬ್ಬಳೆ ತಂದಿತು."

ಈಗ ಪ್ರಶ್ನೆಗಳು. ಟಿಂಬಳವು ಎಲ್ಲಿಗೆ ಹೋಯಿತು? ಜಗ್ಗುಳಿಗೆ. ಎಷ್ಟು ಸೊಬ್ಬಳೆ ತಂದಿತು? ಮೂರು. ಅದು ಎಲ್ಲಿಯ ಟಿಂಬಳ? ಪಿಮ್ಮನೆಯದು. ಮೂರಕ್ಕೆ ಮೂರು ಅಂಕ ಬಂತು ನಿಮಗೆ. ಆದರೆ ಹೋಗಿ, ಮೂರು, ತಂದಿತು ಅನ್ನುವುದನ್ನು ಬಿಟ್ಟರೆ ಆ ಸಾಲಿನ ಯಾವ ಪದಕ್ಕೂ ಅರ್ಥವಿಲ್ಲ. ನಾನೇ ಸುಮ್ನೆ ಕಟ್ಟಿದ್ದು.

ಕನ್ನಡದ ವಿಭಕ್ತಿಗಳು ಇಂಥ ಕೆಲಸಕ್ಕೆ ಬಹಳ ಸಹಾಯ ಮಾಡುತ್ತವೆ. 'ಎಲ್ಲಿಗೆ' ಅಂತ ಕೇಳಿದರೆ 'ಗೆ' ಅಂಟಿಕೊಂಡಿರುವ ಪದ ಹುಡುಕಿದರೆ ಸಾಕು. 'ಎಲ್ಲಿ' ಅಂದರೆ 'ಅಲ್ಲಿ'ಯಲ್ಲಿ ಮುಗಿಯುವ ಪದ. ಮಕ್ಕಳು ಇದನ್ನು ಎರಡನೇ ತರಗತಿಯಲ್ಲೇ ಕಂಡುಹಿಡಿದುಬಿಡುತ್ತಾರೆ, ಯಾರೂ ಹೇಳಿಕೊಡುವುದೇ ಬೇಡ. ಆಮೇಲೆ ಪಾಠದ ಕೊನೆಯ 'ಒಂದು ವಾಕ್ಯದಲ್ಲಿ ಉತ್ತರಿಸಿರಿ', 'ಬಿಟ್ಟ ಸ್ಥಳ ತುಂಬಿರಿ' ಎರಡನ್ನೂ ಪಾಠ ಅರ್ಥವಾಗದೆಯೇ ದಾಟುತ್ತಾರೆ. ಅಂಕ ಬರುತ್ತದೆ. ಟೀಚರಿಗೂ ಸಮಾಧಾನ, ಮನೆಯವರಿಗೂ ಸಮಾಧಾನ.

ನಾನು ವಾರಕ್ಕೆ ಎರಡು ದಿನ ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಶಾಲೆಗೆ ಓದಿಸಲು ಹೋಗುತ್ತೇನೆ. ಮೂರನೇ ಮತ್ತು ನಾಲ್ಕನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಅಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡು, ಈಗ ಶಿಕ್ಷಕರ ತರಬೇತಿಗಳಲ್ಲಿ ಜಾಸ್ತಿ ಕೇಳಿಬರುವ 'ಆಯ್ಕೆ ಆಧಾರಿತ ಚಟುವಟಿಕೆ' ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ ಅಂತ ಈ ಬರಹ. ಒಂದು ಪಾಠ ಓದಿದ ಮೇಲೆ ಎಲ್ಲ ಮಕ್ಕಳಿಗೂ ಒಂದೇ ಕೆಲಸ ಕೊಡುವ ಬದಲು ನಾಲ್ಕಾರು ಕೆಲಸ ಮುಂದಿಟ್ಟು, ಬೇಕಾದದ್ದನ್ನು ಮಾಡು ಅನ್ನುವುದು ಅದರ ತಿರುಳು. ಕೇಳಲು ಚೆನ್ನಾಗಿದೆ. ಮಾಡಲು ಹೋದಾಗ ನನಗೆ ಮೊದಲು ಸಿಕ್ಕಿದ್ದು ಮಾತ್ರ ಕೊಡೆಗಳ ರಾಶಿ. ಅದರ ಕತೆ ಆಮೇಲೆ ಹೇಳುತ್ತೇನೆ.

ಮೊದಲು ಓದಿನ ವಿಷಯ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಒಂದು ಸರಳ ಲೆಕ್ಕ ಮುಂದಿಟ್ಟರು. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಅಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಇಲ್ಲಿ ಕೂಡುವುದಿಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಅಕ್ಷರ ಗೊತ್ತಿದ್ದು ಭಾಷೆ ಗೊತ್ತಿಲ್ಲದವರು ಹೇಗಿರುತ್ತಾರೆ ಅಂತ ನೋಡಬೇಕಾದರೆ ಟಿಂಬಳದ ಸಾಲು ಓದಿದ ನಿಮ್ಮನ್ನೇ ನೋಡಿಕೊಳ್ಳಿ.

ಕನ್ನಡದ ಅಕ್ಷರ ಕಲಿಯುವುದು ನಿಧಾನದ ಕೆಲಸ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಇಂಗ್ಲಿಷಿನ 26 ಅಕ್ಷರದ ಹಾಗೆ ಒಂದೇ ವರ್ಷದಲ್ಲಿ ಮುಗಿಯುವುದಲ್ಲ, ಇದು ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಎಳೆಯುತ್ತದೆ ಎಂದು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದರೆ ಒಮ್ಮೆ ಕೈಗೆ ಹತ್ತಿತೆಂದರೆ ಅದರಷ್ಟು ಪ್ರಾಮಾಣಿಕ ಲಿಪಿ ಬೇರೆ ಇಲ್ಲ. ಬರೆದ ಹಾಗೆ ಓದಿದರಾಯಿತು. ತೊಂದರೆ ಶುರುವಾಗುವುದೂ ಅಲ್ಲೇ. ಮಗು ಗಡಗಡ ಓದುತ್ತದೆ, ಕೇಳುವವರು ಖುಷಿಪಡುತ್ತಾರೆ, ಅರ್ಥ ಆಗಿದೆಯೋ ಇಲ್ಲವೋ ಅಂತ ಯಾರಿಗೂ ಅನುಮಾನವೇ ಬರುವುದಿಲ್ಲ.

ದೇಶದ ಲೆಕ್ಕದಲ್ಲೂ ಈ ಗೊಂದಲ ಇದೆ. ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ ಅಸರ್ ವರದಿಯ ಪ್ರಕಾರ ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2022ರಲ್ಲಿ ಶೇ. 16.3, 2024ರಲ್ಲಿ ಶೇ. 23.4. ಏರಿಕೆ ಸಣ್ಣದಲ್ಲ. ಆದರೆ ಅಲ್ಲಿ ಮುಖ್ಯವಾಗಿ ನೋಡುವುದು ಮಗು ಗಟ್ಟಿಯಾಗಿ, ತಡವರಿಸದೆ ಓದುತ್ತದೆಯೇ ಎಂದು. ಓದಿದ್ದು ತಲೆಗೆ ಹೋಯಿತೇ ಅನ್ನುವುದು ಅದರ ಮುಂದಿನ ಮೆಟ್ಟಿಲು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಮಾತ್ರ 'ಅರ್ಥಸಹಿತ ಓದು' ಅನ್ನುವ ಪದವನ್ನು ಗುರಿಯೊಳಗೇ ಸೇರಿಸಿಕೊಂಡಿದೆ. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅದು ಬರಬೇಕಂತೆ.

ಇನ್ನು ನಮ್ಮ ಊರಿಗೆ ಬರೋಣ. ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲಿ ಒಂದು. ಅದಲ್ಲದೆ ಕನ್ನಡ ಸಂಘ ಸಂಸ್ಥೆಗಳ ಶಾಲೆಗಳಿವೆ. ಪಠ್ಯಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಿಂದ. ಮಕ್ಕಳು ಬರುವುದು ಮಾತ್ರ ಎರಡು ದಿಕ್ಕಿನಿಂದ. ಒಂದು ಕರಾವಳಿ, ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿಯುವವರ ಮಕ್ಕಳು. ಮನೆಯಲ್ಲಿ ತುಳು. ಇನ್ನೊಂದು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡವೇ, ಆದರೆ 'ಬಂದಾನ', 'ಹೋಗ್ಯಾಳ' ಅನ್ನುವ ಕನ್ನಡ. ಗಲ್ಲಿಯಲ್ಲಿ ಎಲ್ಲರಿಗೂ ಹಿಂದಿ. 2020ರ ಕಾನೂನಿನ ನಂತರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ಜೊತೆಗೆ ಇಂಗ್ಲಿಷ್. ಅಂದರೆ ಎಂಟು ವರ್ಷದ ಮಗುವಿನ ಕೈಯಲ್ಲಿ ಮೂರು ಲಿಪಿ, ಬಾಯಲ್ಲಿ ನಾಲ್ಕು ಭಾಷೆ. ಇದು ಕೊರತೆಯಲ್ಲ, ಆಸ್ತಿ. ಆದರೆ ಪುಸ್ತಕದ ಕನ್ನಡ ಈ ಮಕ್ಕಳಲ್ಲಿ ಯಾರ ಮನೆಯ ಮಾತೂ ಅಲ್ಲ. ಗಾಫ್ ಮತ್ತು ಟನ್ಮರ್ ಲೆಕ್ಕದ ಎರಡನೇ ಅಂಕಿ ಇಲ್ಲಿ ಸೊರಗಿರುತ್ತದೆ.

ಭಾಷೆ ಅಂದರೆ ಪದ ಮಾತ್ರ ಅಲ್ಲ. ನಾನು ತರಗತಿಗೆ ಬರೆದುಕೊಂಡು ಹೋಗಿದ್ದ ಒಂದು ತುಣುಕು ಇದು:

"ಶಂಕರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದ. ಅಮ್ಮ ಬಾಗಿಲಿಗೆ ಗೋಣಿಚೀಲ ಒತ್ತಿ ಇಟ್ಟಿದ್ದಳು. ಪಾತ್ರೆಗಳೆಲ್ಲ ಮಂಚದ ಮೇಲಿದ್ದವು. 'ಅಪ್ಪ ಎಲ್ಲಿ?' ಎಂದು ಕೇಳಿದ. 'ಟ್ರೇನು ಕುರ್ಲಾದಲ್ಲಿ ನಿಂತಿದೆಯಂತೆ' ಎಂದಳು ಅಮ್ಮ. ಶಂಕರ ಪುಸ್ತಕದ ಚೀಲವನ್ನು ಅಟ್ಟದ ಮೇಲಿಟ್ಟ."

ಇದರಲ್ಲಿ ಎಲ್ಲೂ 'ಮಳೆ' ಅನ್ನುವ ಪದ ಇಲ್ಲ. 'ನೀರು' ಕೂಡ ಇಲ್ಲ. ಕುರ್ಲಾ ಅಂದರೆ ಮುಂಬಯಿಯ ಒಂದು ಲೋಕಲ್ ಟ್ರೇನ್ ಸ್ಟೇಷನ್ನು, ಅಷ್ಟೇ. ಆದರೂ ಮುಂಬಯಿಯಲ್ಲಿ ಎರಡು ಮಳೆಗಾಲ ಕಳೆದವರಿಗೆ ಏನಾಗುತ್ತಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡವರ ಮಕ್ಕಳು ಇವರು. ಮನೆಮನೆಯಲ್ಲೂ ಆ ಕತೆ ಇದೆ. ಗೋಣಿಚೀಲ ಯಾಕೆ ಅಂತ ಕೇಳಿದರೆ ಹಳಬರು ಕೂಡಲೇ "ನೀರು ಬರಬಾರದು ಅಂತ" ಅಂದರು. ಎರಡು ತಿಂಗಳ ಹಿಂದೆಯಷ್ಟೇ ಯಾದಗಿರಿ ಕಡೆಯಿಂದ ಬಂದಿದ್ದ ಹುಡುಗ ಹೇಳಿದ್ದು ಬೇರೆ: "ನಾಯಿ ಒಳಗ ಬರಬಾರ್ದಂತ." ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಅವನು ಗೋಣಿಚೀಲಕ್ಕೂ ಬಾಗಿಲಿಗೂ ಸಂಬಂಧ ಹುಡುಕಿದ್ದ, ತನ್ನ ಊರಿನ ಬಾಗಿಲನ್ನು ನೆನೆಸಿಕೊಂಡು.

ಮುಂದಿನ ವಾರ ಉತ್ತರ ಕರ್ನಾಟಕದ ಎಳ್ಳ ಅಮಾವಾಸ್ಯೆ ಹಬ್ಬದ ಬಗ್ಗೆ ಒಂದು ತುಣುಕು ಒಯ್ದೆ. ಹೊಲಕ್ಕೆ ಗಾಡಿ ಕಟ್ಟಿಕೊಂಡು ಹೋಗುವುದು, ಸಜ್ಜೆ ರೊಟ್ಟಿ, ಭಜ್ಜಿ, ಅಜ್ಜ ಬೆಳೆಯ ನಡುವೆ ಚರಗ ಚೆಲ್ಲುವುದು. ಈಗ ತುಳು ಮನೆಯ ಮಕ್ಕಳು ಪಿಳಿಪಿಳಿ ನೋಡಿದರು. "ಅಜ್ಜ ಊಟ ಯಾಕೆ ಚೆಲ್ಲಿದ? ಹಳಸಿತ್ತಾ?" ಅಂತ ಒಬ್ಬಳು ಕೇಳಿದಳು. ನಾಯಿ ಹುಡುಗ ಎದ್ದು ನಿಂತು, ಚರಗ ಅಂದರೆ ಭೂಮಿತಾಯಿಗೆ ಕೊಡುವ ನೈವೇದ್ಯ ಅಂತ ಇಡೀ ಪದ್ಧತಿಯನ್ನೇ ವಿವರಿಸಿದ. ಹೋದ ವಾರ 'ಓದಿನಲ್ಲಿ ಹಿಂದುಳಿದವ' ಆಗಿದ್ದವನು ಈ ವಾರ ಮುಂದಿನ ಬೆಂಚಿನವನಾದ. ಅವನ ಅಕ್ಷರಜ್ಞಾನ ಏಳು ದಿನದಲ್ಲಿ ಬದಲಾಗಿರಲಿಲ್ಲ.

ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಇದನ್ನೇ ಬೇಸ್‌ಬಾಲ್ ಇಟ್ಟುಕೊಂಡು ತೋರಿಸಿದರು. ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡು ಹೇಳಿದರು. ಬೇಸ್‌ಬಾಲ್ ಇದ್ದ ಕಡೆ ಚರಗ ಅಂತ ಹಾಕಿಕೊಳ್ಳಿ, ಅಷ್ಟೇ.

ಈಗ ಆಯ್ಕೆಯ ಮಾತು. ಮಗುವಿಗೆ ಆಯ್ಕೆ ಯಾಕೆ ಕೊಡಬೇಕು? ಎಡ್ವರ್ಡ್ ಡೀಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಕಲಿಯುವ ಹುಮ್ಮಸ್ಸಿಗೆ ಮೂರು ಸಂಗತಿ ಬೇಕು ಅನ್ನುತ್ತಾರೆ. ಇದು ನಾನು ಒಪ್ಪಿ ಮಾಡುತ್ತಿರುವ ಕೆಲಸ, ಇದು ನನ್ನ ಕೈಲಾಗುತ್ತದೆ, ಇಲ್ಲಿರುವವರು ನನ್ನವರು. ಈ ಮೂರರಲ್ಲಿ ಆಯ್ಕೆ ಕೆಲಸ ಮಾಡುವುದು ಮೊದಲನೆಯದರ ಮೇಲೆ. 2008ರಲ್ಲಿ ಎರಿಕಾ ಪಟಾಲ್ ಮತ್ತು ಜೊತೆಗಾರರು 41 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆಯ್ಕೆ ಸಿಕ್ಕಾಗ ಒಳಗಿನ ಆಸಕ್ತಿ, ಹಾಕುವ ಶ್ರಮ ಎರಡೂ ಏರುತ್ತವೆ ಎಂದು ಕಂಡಿತು. ಇನ್ನೊಂದು ಮಾತೂ ಅದರಲ್ಲಿತ್ತು. ಬಹುಮಾನ ಇಲ್ಲದ ಕಡೆ ಆಯ್ಕೆಯ ಪರಿಣಾಮ ಹೆಚ್ಚು. ನಾನು ಪೆಟ್ಟಿಗೆಗಟ್ಟಲೆ ಸ್ಟಾರ್ ಸ್ಟಿಕ್ಕರ್ ತಂದಿಟ್ಟಿದ್ದೆ. ಈಗ ಅವು ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನ ಮೇಲಿವೆ.

ತರಬೇತಿಗಳಲ್ಲಿ ತೋರಿಸುವ ಮಾದರಿ ಸಾಮಾನ್ಯವಾಗಿ ಒಂಬತ್ತು ಮನೆಯ ಹಾಳೆ. ಚೌಕಾಬಾರದ ಪಟದ ಹಾಗೆ ಗೆರೆ ಎಳೆದು, ಪ್ರತಿ ಮನೆಯಲ್ಲಿ ಒಂದು ಕೆಲಸ. ಚಿತ್ರ ಬಿಡಿಸು, ಪಾತ್ರಕ್ಕೆ ಪತ್ರ ಬರೆ, ನಾಟಕ ಆಡು, ಕೊನೆ ಬದಲಿಸು, ಹೀಗೆ. ನಾನೂ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹಾಗೊಂದು ಬರೆದುಕೊಂಡು ಹೋಗಿ ಶಂಕರನ ತುಣುಕಿನ ಪಕ್ಕ ನೇತುಹಾಕಿದೆ. ಮುಕ್ಕಾಲು ಪಾಲು ಮಕ್ಕಳು ಚಿತ್ರದ ಮನೆಯನ್ನೇ ಆರಿಸಿದರು. ಅರ್ಧ ಗಂಟೆ ತರಗತಿಯಲ್ಲಿ ಸದ್ದಿಲ್ಲ. ಬಣ್ಣದ ಪೆನ್ಸಿಲ್ ಕೆರೆಯುವ ಶಬ್ದ ಮಾತ್ರ. ನನಗೆ ಪರಮಾನಂದ.

ಹಾಳೆಗಳನ್ನು ಮನೆಗೆ ತಂದು ನೋಡಿದೆ. ಎಲ್ಲದರಲ್ಲೂ ಕೊಡೆ. ಕೆಂಪು ಕೊಡೆ, ಹೂವಿನ ಕೊಡೆ, ಶಂಕರನ ಕೈಯಲ್ಲಿ ಕೊಡೆ. ಒಂದರಲ್ಲಿ ಅಪ್ಪ ಅಮ್ಮ ಶಂಕರ ಮೂವರೂ ಒಂದೇ ಕೊಡೆಯ ಕೆಳಗೆ ನಿಂತು ನಗುತ್ತಿದ್ದರು.

ತುಣುಕಿನಲ್ಲಿ ಕೊಡೆ ಎಲ್ಲಿದೆ? ಅಪ್ಪ ಮನೆಗೇ ಬಂದಿಲ್ಲ. ಶಂಕರನ ಕೈಯಲ್ಲಿರುವುದು ಚಪ್ಪಲಿ. ಮಕ್ಕಳು ಬಿಡಿಸಿದ್ದು ಓದಿದ್ದನ್ನಲ್ಲ. 'ಮಳೆಯ ಚಿತ್ರ' ಅಂದಾಗ ಯಾವಾಗಲೂ ಬಿಡಿಸುವ ಚಿತ್ರವನ್ನು ಬಿಡಿಸಿದ್ದರು. ಓದದೆಯೇ ಮಾಡಿ ಮುಗಿಸಬಹುದಾದ ಒಂದು ಮನೆಯನ್ನು ನಾನೇ ಕಟ್ಟಿಕೊಟ್ಟಿದ್ದೆ, ಅವರು ಹೋಗಿ ಅದರಲ್ಲಿ ಕೂತರು. ತಪ್ಪು ಅವರದಲ್ಲ.

ಇಲ್ಲಿ ನಮ್ಮ ಶಾಲೆಗಳ ಹಳೆಯ ಒಂದು ಮಾತು ನೆನಪಾಯಿತು. ನಮಗೆ ಆಯ್ಕೆ ಹೊಸದೇನಲ್ಲ. 'ಕೆಳಗಿನವುಗಳಲ್ಲಿ ಯಾವುದಾದರೂ ಎರಡಕ್ಕೆ ಉತ್ತರಿಸಿರಿ' ಅಂತ ಪ್ರಶ್ನೆಪತ್ರಿಕೆಯಲ್ಲಿ ನೋಡಿಕೊಂಡೇ ಬೆಳೆದವರು ನಾವು. "ಆ ಪದ್ಯ ನಾನು ಆಪ್ಷನ್‌ಗೆ ಬಿಟ್ಟಿದ್ದೇನೆ" ಅಂತ ಪರೀಕ್ಷೆಯ ಹಿಂದಿನ ದಿನ ಹೇಳದವರು ಯಾರಿದ್ದಾರೆ? ಆಪ್ಷನ್ ಅಂದರೆ ನಮ್ಮ ಬಾಯಲ್ಲಿ ಆರಿಸಿಕೊಳ್ಳುವುದಲ್ಲ, ಬಿಟ್ಟುಬಿಡುವುದು. ಆಯ್ಕೆ ಅಂದಕೂಡಲೇ ಮಗುವಿನ ತಲೆ ಮೊದಲು ಕೇಳುವುದು ಯಾವುದನ್ನು ಬಿಡಬಹುದು ಅಂತ. ಕಷ್ಟವಾದ ಓದನ್ನೇ ಬಿಡಲು ದಾರಿ ಇದ್ದರೆ ಅದನ್ನೇ ಬಿಡುತ್ತದೆ. ಹಿಂದುಳಿದ ಮಗು ಎಲ್ಲರಿಗಿಂತ ಮೊದಲು ಬಿಡುತ್ತದೆ, ಯಾಕೆಂದರೆ ಅದಕ್ಕೆ ಓದು ಎಲ್ಲರಿಗಿಂತ ಕಷ್ಟ. ಹಾಗಾಗಿ ಚೆನ್ನಾಗಿ ಯೋಚಿಸದೆ ಕೊಟ್ಟ ಆಯ್ಕೆ ಇರುವ ಅಂತರವನ್ನು ಇನ್ನಷ್ಟು ಅಗಲ ಮಾಡುತ್ತದೆ.

ಬಾಳೆ ಎಲೆ ಊಟದ ಲೆಕ್ಕ ಇದಕ್ಕೆ ಸರಿ ಅಂತ ನನಗೆ ಅನ್ನಿಸುತ್ತದೆ. ಎಲೆಗೆ ಏನೇನು ಬೀಳಬೇಕು ಅನ್ನುವುದು ಬಡಿಸುವವರ ಕೈಯಲ್ಲಿದೆ. ಪಲ್ಯದಿಂದ ಶುರು ಮಾಡುತ್ತೀರೋ, ಅನ್ನಕ್ಕೆ ಮೊದಲು ಸಾರು ಹಾಕಿಕೊಳ್ಳುತ್ತೀರೋ ಅದು ನಿಮ್ಮ ಇಷ್ಟ. ಓದುವ ತುಣುಕು ಎಲ್ಲರಿಗೂ ಒಂದೇ ಇರಲಿ, ಅದನ್ನು ಟೀಚರ್ ಆರಿಸಲಿ. ಅರ್ಥವಾದದ್ದನ್ನು ಯಾವ ದಾರಿಯಲ್ಲಿ ತೋರಿಸುತ್ತೇನೆ ಅನ್ನುವುದು ಮಗುವಿಗೆ ಇರಲಿ. ಪ್ರತಿ ದಾರಿಯೂ ತುಣುಕಿನ ಒಳಗಿಂದಲೇ ಹಾದುಹೋಗಬೇಕು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾನ್ ಗತ್ರಿ 1990ರ ದಶಕದಿಂದ ಬೆಳೆಸಿದ ಓದಿನ ಕ್ರಮದಲ್ಲೂ ಹೀಗೇ ಇತ್ತು. ಇಡೀ ತರಗತಿ ವಾರಗಟ್ಟಲೆ ವಿಜ್ಞಾನದ ಒಂದೇ ವಿಷಯದ ಸುತ್ತ ಓದುತ್ತದೆ, ಪ್ರಶ್ನೆ ಕೇಳುವುದು, ಸಾರ ಹೇಳುವುದು ಇವನ್ನೆಲ್ಲ ಟೀಚರ್ ಮಾಡಿ ತೋರಿಸುತ್ತಾರೆ. ಮಗುವಿನ ಆಯ್ಕೆ ಆ ವಿಷಯದ ಒಳಗೆ.

ಎರಡನೇ ಸಲ ಒಂಬತ್ತು ಮನೆ ಬಿಟ್ಟು ಮೂರೇ ಇಟ್ಟೆ. ಚಿತ್ರದ ಮನೆಯನ್ನು ತೆಗೆಯಲಿಲ್ಲ, ಬಾಗಿಲು ಬದಲಿಸಿದೆ. 'ಈ ತುಣುಕಿನ ಚಿತ್ರ ಬಿಡಿಸು. ಚಿತ್ರದಲ್ಲಿರುವ ಪ್ರತಿ ವಸ್ತುವಿನ ಕೆಳಗೆ ಅದು ಯಾವ ಸಾಲಿನಲ್ಲಿ ಬಂತೋ ಆ ಸಾಲಿನ ನಂಬರು ಹಾಕು. ಸಾಲಿನಲ್ಲಿ ಇಲ್ಲದ್ದನ್ನು ಬಿಡಿಸಿದರೆ ಅದು ಅಲ್ಲಿ ಯಾಕೆ ಇರಬಹುದು ಅಂತ ಹೇಳು.' ಇಷ್ಟೇ. ಕೊಡೆಗಳು ಮಾಯವಾದವು. ಒಬ್ಬಳು ಮಾತ್ರ ಹಟ ಬಿಡದೆ ಒಂದು ಕೊಡೆ ಬಿಡಿಸಿದಳು, ಮುರಿದು ಮೂಲೆಯಲ್ಲಿ ಬಿದ್ದಿದ್ದದ್ದು. "ಅದು ಮುರಿದಿದೆ ಟೀಚರ್, ಅದಕ್ಕೇ ಶಂಕರ ತಗೊಂಡು ಹೋಗಿಲ್ಲ" ಅಂದಳು. ಇದು ನೋಡಿ ಅರ್ಥ ಮಾಡಿಕೊಳ್ಳುವುದು ಅಂದರೆ. ತುಣುಕು ಹೇಳದೆ ಬಿಟ್ಟ ಜಾಗವನ್ನು ಅದು ಹೇಳಿದ್ದರ ಜೊತೆ ಜಗಳವಾಗದ ಹಾಗೆ ತುಂಬಿದ್ದಳು.

ಎರಡನೇ ಮನೆ: ಒಂದು ಸಾಲನ್ನು ಅಳಿಸು, ಕತೆಯಲ್ಲಿ ಏನು ಕೆಡುತ್ತದೆ ಹೇಳು. ಇದನ್ನು ನಾನು ಕಷ್ಟದ್ದು ಅಂದುಕೊಂಡಿದ್ದೆ. ಆದರೆ ಬರೆಯಲು ಬೇಸರಪಡುವ ಗಂಡುಹುಡುಗರು ಇದಕ್ಕೇ ಮುಗಿಬಿದ್ದರು, ಕೈಯಲ್ಲಿ ಡಸ್ಟರ್ ಸಿಗುತ್ತದಲ್ಲ. ಪಾತ್ರೆಯ ಸಾಲು ಅಳಿಸಿದರೆ ಏನೂ ಆಗುವುದಿಲ್ಲ ಅಂತ ಒಬ್ಬ. ಆಗುತ್ತದೆ, ಆಗ ಮನೆಯೊಳಗೂ ನೀರು ಬಂದೀತು ಅನ್ನುವ ಭಯ ಗೊತ್ತಾಗುವುದಿಲ್ಲ ಅಂತ ಇನ್ನೊಬ್ಬ. ಇಬ್ಬರೂ ಹತ್ತು ನಿಮಿಷ ಜಗಳವಾಡಿದರು, ಅರ್ಧ ಹಿಂದಿಯಲ್ಲಿ. ನಾನು ತಡೆಯಲಿಲ್ಲ. ಯಾವ ಭಾಷೆಯಲ್ಲಿ ಜಗಳವಾಡಿದರೂ ಬೆರಳು ಮಾತ್ರ ಕನ್ನಡದ ಸಾಲಿನ ಮೇಲೇ ಇತ್ತು.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ಈ ಕತೆಯನ್ನು ಮನೆಯಲ್ಲಿ ಅಮ್ಮನಿಗೆ ನಿಮ್ಮ ಮನೆಮಾತಿನಲ್ಲಿ ಹೇಳು. ಅಮ್ಮ ಕೇಳಿದ ಒಂದು ಪ್ರಶ್ನೆಯನ್ನು ಬರೆದುಕೊಂಡು ಬಾ.' ಪುಸ್ತಕದ ಕನ್ನಡವನ್ನು ತುಳುವಿಗೆ ಹೇಳಬೇಕಾದರೆ ಮೊದಲು ಅದು ಅರ್ಥವಾಗಿರಬೇಕು. ಸಾಲನ್ನು ಎತ್ತಿ ಹಾಗೇ ಇಡಲು ಆಗುವುದಿಲ್ಲ, ವಿಭಕ್ತಿಯ ಜಾಣತನ ಅಲ್ಲಿ ನಡೆಯುವುದಿಲ್ಲ. ಮರುದಿನ ಬಂದ ಪ್ರಶ್ನೆಗಳು ನೋಡಿ. "ಬೊಕ್ಕ ದಾದ ಆಂಡ್?" ಅಂತ ಒಬ್ಬಳ ಅಮ್ಮ, ಅಂದರೆ ಆಮೇಲೆ ಏನಾಯಿತು. "ಅವರಪ್ಪಗ ಫೋನ್ ಯಾಕ ಮಾಡ್ಲಿಲ್ಲ?" ಅಂತ ಇನ್ನೊಬ್ಬನ ಅಮ್ಮ. ಶಾಲೆಯ ಮೆಟ್ಟಿಲೇ ಹತ್ತದ ಒಬ್ಬ ತಾಯಿ ಕೇಳಿದ್ದು, "ಟ್ರೇನ್ ನಿಂತದ ಅಂತ ಆಕಿಗಿ ಹ್ಯಾಂಗ ಗೊತ್ತಾತು?" ನಿಜ, ತುಣುಕಿನಲ್ಲಿರುವುದು 'ನಿಂತಿದೆಯಂತೆ'. ಆ 'ಅಂತೆ'ಯನ್ನು ಹಿಡಿದುಕೊಂಡು ನಾವು ಒಂದು ಪೂರ್ತಿ ಅವಧಿ ಮಾತಾಡಿದೆವು. ಯಾರೋ ಹೇಳಿರಬೇಕು. ಯಾರು? ಪಕ್ಕದ ಮನೆಯವರಾ? ಟಿವಿಯಾ? ಬರೆದ ನನಗೇ ಅದು ಹೊಳೆದಿರಲಿಲ್ಲ.

ಅಮ್ಮನನ್ನು ನಡುವೆ ತರುವುದಕ್ಕೆ ಒಂದು ಹಿನ್ನೆಲೆ ಇದೆ. 1999ರಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕಲಸಿಟ್ಟ ಅಕ್ಷರಗಳನ್ನು ಜೋಡಿಸಿ ಪದ ಮಾಡುವ ಆಟ ಕೊಟ್ಟರು. ಕೆಲವರಿಗೆ ತಾವೇ ಆರಿಸುವ ಅವಕಾಶ, ಕೆಲವರಿಗೆ ಪರೀಕ್ಷೆ ನಡೆಸುವವರು ಆರಿಸಿಕೊಟ್ಟರು, ಕೆಲವರಿಗೆ 'ನಿಮ್ಮ ಅಮ್ಮ ಆರಿಸಿದ್ದು' ಅಂತ ಹೇಳಿದರು. ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿದಾಗ ಚೆನ್ನಾಗಿ ಮಾಡಿದರು. ಚೀನೀ, ಜಪಾನೀ ಮೂಲದ ಮನೆಗಳ ಮಕ್ಕಳು ಅಮ್ಮ ಆರಿಸಿದ್ದು ಅಂದಾಗ ಎಲ್ಲಕ್ಕಿಂತ ಚೆನ್ನಾಗಿ ಮಾಡಿದರು. ಅದು ಭಾರತದ ಮಕ್ಕಳ ಮೇಲೆ ನಡೆದ ಪ್ರಯೋಗವಲ್ಲ, ನೇರವಾಗಿ ನಮಗೆ ಅಂಟಿಸುವುದು ಬೇಡ. ಆದರೂ 'ಆಯ್ಕೆ ಅಂದರೆ ಒಬ್ಬನೇ ಕೂತು ನಿರ್ಧರಿಸುವುದು' ಅನ್ನುವ ನಂಬಿಕೆ ಎಲ್ಲ ಮನೆಗಳಿಗೂ ಒಪ್ಪುವುದಲ್ಲ ಅಂತ ಅದು ಎಚ್ಚರಿಸುತ್ತದೆ. ನಮ್ಮ ತರಗತಿಯಲ್ಲಿ "ಯಾವುದು ಬೇಕು?" ಅಂದರೆ "ನೀವೇ ಹೇಳಿ ಟೀಚರ್" ಅನ್ನುವ ಮಕ್ಕಳಿದ್ದಾರೆ. ಅದನ್ನು ನಾನು ಸೋಮಾರಿತನ ಅಂದುಕೊಳ್ಳುತ್ತಿದ್ದೆ. ಈಗ "ಅಕ್ಕನ ಹತ್ತಿರ ಕೇಳಿ ಬಾ", "ಪಕ್ಕದವಳ ಜೊತೆ ಸೇರಿ ಆರಿಸು" ಅನ್ನುತ್ತೇನೆ. ಕೆಲಸ ನಡೆಯುತ್ತದೆ.

ಒಂಬತ್ತರಿಂದ ಮೂರಕ್ಕೆ ಇಳಿದದ್ದಕ್ಕೆ ದೊಡ್ಡ ಸಿದ್ಧಾಂತವೇನಿಲ್ಲ. ಒಂಬತ್ತು ಸೂಚನೆ ಓದುವುದೇ ಮೂರನೇ ತರಗತಿಯ ಮಗುವಿಗೆ ಒಂದು ಪಾಠ. ಅಷ್ಟು ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಹಾಗಾದರೆ ಇದು ಎಲ್ಲ ಮಕ್ಕಳಿಗೂ ಮದ್ದೇ? ಅಲ್ಲ. ಇನ್ನೂ ಒತ್ತಕ್ಷರದಲ್ಲೇ ಎಡವುತ್ತಿರುವ ಮಗುವಿಗೆ ಆಯ್ಕೆಯ ಹಾಳೆ ಕೊಟ್ಟರೆ ಅದು ಓದದೆಯೇ ಬದುಕುವ ಕಲೆಯನ್ನು ಕಲಿಯುತ್ತದೆ. ಅದಕ್ಕೆ ಬೇಕಾದದ್ದು ದಿನಾ ಹದಿನೈದು ನಿಮಿಷ ಪಕ್ಕದಲ್ಲಿ ಕೂತು ಅಕ್ಷರ ಬಿಡಿಸುವವರು. ಜೊತೆಗೆ, ಅದೇ ತುಣುಕನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಅರ್ಥದ ಕೆಲಸದಲ್ಲಿ ಅದೂ ಸೇರಿಕೊಳ್ಳಬಹುದು. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನಮಗೂ ಗೊತ್ತಾಗುತ್ತದೆ. ಬರೆಯಲು ಬಾರದವನನ್ನು ಅರ್ಥವಾಗದವನು ಅಂತ ಎಷ್ಟು ಸಲ ತಪ್ಪು ತಿಳಿದಿದ್ದೇವೋ!

ಇಷ್ಟಬಂದ ಪುಸ್ತಕ ಆರಿಸಿ ಓದಲಿ ಬಿಡಿ, ಅರ್ಥ ತಾನಾಗಿ ಬರುತ್ತದೆ ಅನ್ನುವವರೂ ಇದ್ದಾರೆ. ನನಗೂ ಹಾಗೆ ಅನ್ನಿಸುವ ದಿನಗಳಿವೆ. ಆದರೆ ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿ, ತರಗತಿಯಲ್ಲಿ ಮಕ್ಕಳನ್ನು ಸುಮ್ಮನೆ ಮೌನವಾಗಿ ಓದಲು ಬಿಡುವುದರಿಂದ ಓದು ಸುಧಾರಿಸುತ್ತದೆ ಅನ್ನಲು ಸಾಕಷ್ಟು ಆಧಾರ ಸಿಗಲಿಲ್ಲ ಎಂದಿತು. ಪ್ರಶ್ನೆ ಕೇಳಿಕೊಳ್ಳುವುದು, ಸಾರ ಹೇಳುವುದು, ಎಲ್ಲಿ ಅರ್ಥವಾಗಲಿಲ್ಲ ಅಂತ ತಾನೇ ಗಮನಿಸುವುದು, ಇವನ್ನು ಕಲಿಸಿದರೆ ಫಲ ಇದೆ ಅಂತಲೂ ಹೇಳಿತು. ಅದೂ ಅಲ್ಲದೆ ಮುಂಬಯಿಯಲ್ಲಿ ಒಂದು ಕನ್ನಡ ಮಗುವಿಗೆ ಆರಿಸಲು ಎಷ್ಟು ಕನ್ನಡ ಪುಸ್ತಕ ಸಿಗುತ್ತವೆ? ಮಾಟುಂಗಾದ ಕನ್ನಡ ಸಂಘಗಳವರೆಗೆ ಹೋಗಿ ಬರಲು ಅಪ್ಪನಿಗೆ ರಜೆ ಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ ಎಂಬ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ, ಮುದ್ರಿಸಿಕೊಳ್ಳಲೂ ಬಿಡುತ್ತಾರೆ. ನಾನು ಹದಿನೈದು ಕತೆ ಕಪ್ಪುಬಿಳುಪಿನಲ್ಲಿ ಝೆರಾಕ್ಸ್ ಮಾಡಿಸಿ ಹೊಲಿಗೆ ಹಾಕಿಸಿ ಇಟ್ಟಿದ್ದೇನೆ. ಅದೇ ನಮ್ಮ ಲೈಬ್ರರಿ.

ಟೀಚರ ಕಷ್ಟದ ಬಗ್ಗೆ ಹೇಳದಿದ್ದರೆ ಅನ್ಯಾಯ. ಎರಡು ತರಗತಿ, ಒಬ್ಬರೇ ಟೀಚರ್, ಮೇಲಿನಿಂದ ಬರುವ ಮಾಹಿತಿ ತುಂಬುವ ಕೆಲಸ, ಮಧ್ಯಾಹ್ನದ ಊಟದ ಲೆಕ್ಕ. ಇದರ ನಡುವೆ ಮೂರು ಬಗೆಯ ಕೆಲಸ ಸಿದ್ಧಮಾಡಿ ಅಂದರೆ ಯಾರಿಗೂ ಸಿಟ್ಟು ಬರುತ್ತದೆ. ಆದರೆ ಎರಡು ತರಗತಿ ಕೂಡಿದ ಕೋಣೆಯಲ್ಲೇ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನುವುದು ನಾನು ಕಂಡದ್ದು. ಮೂರು ಮನೆಗಳು ಯಾವ ತುಣುಕಿಗೂ ಹೊಂದುವಂಥವು. ಹಾಳೆ ಒಮ್ಮೆ ಬರೆದರೆ ವರ್ಷವಿಡೀ ನಡೆಯುತ್ತದೆ, ಬದಲಾಗುವುದು ತುಣುಕು ಮಾತ್ರ. ನಾಲ್ಕನೆಯವರು ತಮ್ಮ ಕೆಲಸದಲ್ಲಿ ಮುಳುಗಿದ್ದಾಗ ಟೀಚರ್ ಮೂರನೆಯವರ ಪಕ್ಕ ಕೂರಬಹುದು. ತಪಾಸಣೆಗೆ ಬಂದ ಒಬ್ಬರು ನಮ್ಮ ಕ್ಯಾಲೆಂಡರ್ ಹಾಳೆ ನೋಡಿ, ಇದನ್ನು ಥರ್ಮೋಕೋಲಿನ ಮೇಲೆ ಬಣ್ಣದಲ್ಲಿ ಮಾಡಿಸಿ ಅಂದರು. ಅದರ ಫೋಟೋ ತೆಗೆದುಕೊಂಡರು. ಒಂದು ಮಗುವನ್ನೂ ಓದಿಸಲಿಲ್ಲ.

ಅಂಕದ ಪ್ರಶ್ನೆ ಇನ್ನೂ ಬಿಡಿಸಿಲ್ಲ. ಒಬ್ಬ ಚಿತ್ರ ಬಿಡಿಸಿದ, ಒಬ್ಬ ಸಾಲು ಅಳಿಸಿದ, ಒಬ್ಬಳು ಅಮ್ಮನ ಪ್ರಶ್ನೆ ತಂದಳು. ಮೂವರಿಗೂ ಹೇಗೆ ಒಂದೇ ಅಳತೆ ಹಿಡಿಯುವುದು? ಟೀಚರ್ ಮತ್ತು ನಾನು ಕೂತು ಒಂದು ಲೆಕ್ಕ ಮಾಡಿಕೊಂಡೆವು. ತುಣುಕಿನ ಯಾವ ಸಾಲಿನ ಆಧಾರದ ಮೇಲೆ ಹೇಳುತ್ತಿದ್ದೇನೆ ಅಂತ ತೋರಿಸಿದರೆ ಒಂದು, ಆ ಸಾಲಿನಲ್ಲಿ ಇಲ್ಲದ್ದೊಂದನ್ನು ಊಹಿಸಿದರೆ ಇನ್ನೊಂದು, ಊಹೆಗೆ ಕಾರಣ ಕೊಟ್ಟರೆ ಮತ್ತೊಂದು. ಚಿತ್ರ ಚಂದವಿದೆಯೇ, ಅಕ್ಷರ ದುಂಡಗಿದೆಯೇ ನೋಡುವುದಿಲ್ಲ. ಈ ಲೆಕ್ಕದಲ್ಲಿ ನಾಯಿ ಹುಡುಗನಿಗೂ ಮೂರಕ್ಕೆ ಮೂರು ಬರುತ್ತದೆ ಅಂತ ಟೀಚರ್ ಗೊಣಗಿದರು. ಬರಲಿ ಅಂದೆ. ಸ್ವಲ್ಪ ಯೋಚಿಸಿ, "ಇಲ್ಲ, ಪಾತ್ರೆ ಯಾಕೆ ಮಂಚದ ಮೇಲೆ ಅಂತ ಕೇಳಬೇಕು ಅವನನ್ನ, ಆಗ ನಾಯಿ ಹೋಗುತ್ತೆ" ಅಂದರು. ಅವರು ಹೇಳಿದ್ದೇ ಸರಿ. ಒಂದು ಸಾಲಿಗೆ ಹೊಂದುವ ಊಹೆ ಬೇರೆ, ಇಡೀ ತುಣುಕಿಗೆ ಹೊಂದುವ ಊಹೆ ಬೇರೆ.

ಇದು ತರಗತಿಯ ಒಳಗಿನ ಲೆಕ್ಕ. ಘಟಕ ಪರೀಕ್ಷೆಗೆ ಬೇರೆ ನಮೂನೆ ಇದೆ. ಅದರಲ್ಲಿ ಶಂಕರನ ತುಣುಕನ್ನು ಸೇರಿಸಲು ಟೀಚರ್ ಒಪ್ಪಿದ್ದರು, ಪ್ರಶ್ನೆ ಮಾತ್ರ ನಮೂನೆಯಲ್ಲಿದ್ದ ಹಾಗೆ, ಒಂದು ವಾಕ್ಯದಲ್ಲಿ ಉತ್ತರಿಸಿರಿ: ಟ್ರೇನು ಎಲ್ಲಿ ನಿಂತಿತ್ತು? ಎಲ್ಲರೂ 'ಕುರ್ಲಾದಲ್ಲಿ' ಅಂತ ಬರೆದರು. ಆ ವಾರವಷ್ಟೇ ಸೇರಿದ್ದ, ತುಣುಕನ್ನು ಮೊದಲ ಸಲ ನೋಡುತ್ತಿದ್ದ ಹುಡುಗಿಯೂ ಬರೆದಳು. ಅವಳನ್ನು ಹೊರಗೆ ಕರೆದು ಕುರ್ಲಾ ಅಂದರೆ ಏನು ಅಂತ ಕೇಳಿದೆ. "ಟ್ರೇನಿನ ಒಳಗ ಇರ್ತದಲ್ರೀ, ಅದು" ಅಂದಳು.